ರಸ್ತೆ ಅಪಘಾತದಲ್ಲಿ ಮರಣ: ಕುಟುಂಬದ ಪರಿಹಾರದ ಹಕ್ಕು ಮತ್ತು ವರ್ತಕರ ದಾಖಲೆಗಳು

ಇಂಡಿಯ ನಿಂಬೆಯಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ತೊಗರಿಯಾಗಲಿ ಮಾರುಕಟ್ಟೆ ಸೇರುವುದು ರಸ್ತೆಯ ಮೂಲಕವೇ. ಸರಕಿನೊಂದಿಗೆ, ವಸೂಲಿಗಾಗಿ, ಖರೀದಿಗಾಗಿ ವರ್ತಕರೂ ಹಗಲಿರುಳು ಸಂಚರಿಸಬೇಕಾಗುತ್ತದೆ. ಈ ಸಂಚಾರದ ಅಪಾಯ ಎಂತಹದೆಂಬುದನ್ನು ಬಸವನ ಬಾಗೇವಾಡಿ ತಾಲೂಕಿನ ಮನಗೂಳಿ ಬಳಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ 2025ರ ಮೇ 21ರಂದು ಸಂಭವಿಸಿದ ದುರಂತ ತೋರಿಸಿತು. ಕಾರು ಮತ್ತು ಖಾಸಗಿ ಬಸ್ಸಿನ ಡಿಕ್ಕಿಯಲ್ಲಿ ಅಂದು ಆರು ಮಂದಿ ಪ್ರಾಣ ಕಳೆದುಕೊಂಡರು. ದುಡಿಯುವ ವ್ಯಕ್ತಿಯನ್ನು ಹೀಗೆ ಕಳೆದುಕೊಂಡ ಕುಟುಂಬಕ್ಕೆ ಕಾನೂನು ಪರಿಹಾರದ ಹಕ್ಕನ್ನು ನೀಡಿದೆ. ಆದರೆ ಆ ಪರಿಹಾರದ ಮೊತ್ತವು ಬಹುಮಟ್ಟಿಗೆ ಮೃತರು ಬದುಕಿದ್ದಾಗ ಇಟ್ಟ ಲೆಕ್ಕಪತ್ರಗಳನ್ನು ಅವಲಂಬಿಸಿದೆ ಎಂಬುದನ್ನು ಅನೇಕ ವ್ಯಾಪಾರಸ್ಥರು ಗಮನಿಸಿಲ್ಲ.

ಅರ್ಜಿ ಎಲ್ಲಿ, ಯಾವಾಗ?

1988ರ ಮೋಟಾರು ವಾಹನ ಕಾಯ್ದೆಯ ಕಲಂ 166ರ ಪ್ರಕಾರ ಮೃತರ ವಾರಸುದಾರರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ತಾಲೂಕು ಕೇಂದ್ರಗಳ ಹಿರಿಯ ಸಿವಿಲ್ ನ್ಯಾಯಾಲಯಗಳು ಈ ನ್ಯಾಯಮಂಡಳಿಗಳಾಗಿಯೂ ಕಾರ್ಯ ನಿರ್ವಹಿಸುತ್ತವೆ. ಅಪಘಾತ ಸೊಲ್ಲಾಪುರದ ಬಳಿ ಸಂಭವಿಸಿದ್ದರೂ ಕುಟುಂಬವು ಅಲ್ಲಿಗೆ ಅಲೆಯಬೇಕಾಗಿಲ್ಲ. ತಾನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ವ್ಯಾಪ್ತಿಯಲ್ಲಿಯೇ ಅರ್ಜಿ ಸಲ್ಲಿಸಬಹುದು.

ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ವಿಳಂಬದ ಕಾರಣಕ್ಕಾಗಿ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಆದರೂ ಅವಧಿಯೊಳಗೆ ಅರ್ಜಿ ಸಲ್ಲಿಸುವುದೇ ಕ್ಷೇಮ.

ತಪ್ಪು ಯಾರದೆಂದು ರುಜುವಾತುಪಡಿಸದೆಯೇ ಕಲಂ 164ರ ಅಡಿಯಲ್ಲಿ ಮರಣಕ್ಕೆ 5 ಲಕ್ಷ ರೂಪಾಯಿ ಪಡೆಯಲು ಅವಕಾಶವಿದೆ. ಆದರೆ ಆ ಮೊತ್ತವನ್ನು ಸ್ವೀಕರಿಸಿದರೆ ಕಲಂ 166ರ ಅರ್ಜಿ ಉಳಿಯುವುದಿಲ್ಲ. ಡಿಕ್ಕಿ ಹೊಡೆದ ವಾಹನ ಪರಾರಿಯಾಗಿ ಪತ್ತೆಯಾಗದಿದ್ದರೆ, ಪ್ರತ್ಯೇಕ ಯೋಜನೆಯಡಿ ಸಿಗುವುದು 2 ಲಕ್ಷ ರೂಪಾಯಿ ಮಾತ್ರ.

ಲೆಕ್ಕಾಚಾರದ ಬಗೆ

ಪರಿಹಾರದ ಲೆಕ್ಕವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಸ್ಪಷ್ಟಪಡಿಸಿದೆ. ಉದಾಹರಣೆಗೆ, 38 ವರ್ಷದ ಅಡತಿ ವ್ಯಾಪಾರಿಯೊಬ್ಬರ ವಾರ್ಷಿಕ ಆದಾಯ ತೆರಿಗೆ ಕಳೆದು 3,60,000 ರೂಪಾಯಿ ಎಂದು ದಾಖಲೆಗಳಿಂದ ಸಿದ್ಧವಾಯಿತೆನ್ನೋಣ. ಸ್ವಂತ ಉದ್ಯೋಗಿಗೆ 40 ವರ್ಷದೊಳಗಾದರೆ ಭವಿಷ್ಯದ ಆದಾಯ ವೃದ್ಧಿಗಾಗಿ ಶೇಕಡಾ 40 ಕೂಡಿಸಬೇಕು. ಆಗ 5,04,000 ಆಗುತ್ತದೆ. ಪತ್ನಿ, ಇಬ್ಬರು ಮಕ್ಕಳು, ತಾಯಿ ಹೀಗೆ ನಾಲ್ವರು ಅವಲಂಬಿತರಿದ್ದರೆ ಮೃತರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು, ಉಳಿಯುವುದು 3,78,000. ಈ ವಯಸ್ಸಿಗೆ ಗುಣಕ 15. ಅಲ್ಲಿಗೆ ಅವಲಂಬನೆಯ ನಷ್ಟ 56,70,000 ರೂಪಾಯಿ. ಅಂತ್ಯಸಂಸ್ಕಾರದ ವೆಚ್ಚ ಮೊದಲಾದ ನಿಗದಿತ ಮೊತ್ತಗಳು ಇದಕ್ಕೆ ಸೇರುತ್ತವೆ.

ಅದೇ ವ್ಯಾಪಾರಿಯ ಆದಾಯಕ್ಕೆ ದಾಖಲೆಯೇ ಇಲ್ಲದಿದ್ದರೆ ನ್ಯಾಯಮಂಡಳಿಯು ಅಂದಾಜಿನ ಆದಾಯವನ್ನು ಹಿಡಿಯುತ್ತದೆ. ಅದು ತಿಂಗಳಿಗೆ 15,000 ಎಂದಾದರೆ ಇದೇ ಲೆಕ್ಕದಲ್ಲಿ ಬರುವುದು 28,35,000 ರೂಪಾಯಿ. ಅಂದರೆ ಸರಿಯಾಗಿ ಅರ್ಧ. ತೆರಿಗೆ ಉಳಿಸಲೆಂದು ಕಡಿಮೆ ಆದಾಯ ತೋರಿಸುವವರ ಕುಟುಂಬಕ್ಕೂ ಇದೇ ನಷ್ಟ ತಟ್ಟುತ್ತದೆ. ಮರಣಾನಂತರ ಸಲ್ಲಿಸಿದ ರಿಟರ್ನ್ಸ್ ಅನ್ನು ನ್ಯಾಯಮಂಡಳಿಗಳು ಸಂಶಯದಿಂದಲೇ ನೋಡುತ್ತವೆ. ಆದುದರಿಂದ ಆದಾಯ ತೆರಿಗೆ ಮತ್ತು ಜಿಎಸ್‌ಟಿ ರಿಟರ್ನ್ಸ್, ಕಿರ್ದಿ-ಖಾತೆ, ಬ್ಯಾಂಕ್ ಪಾಸ್‌ಬುಕ್, ಎಪಿಎಂಸಿ ಲೈಸೆನ್ಸ್ ಇವೆಲ್ಲವೂ ಕುಟುಂಬದ ಆಸ್ತಿಪತ್ರಗಳೆಂದೇ ಭಾವಿಸತಕ್ಕದ್ದು.

ತಾವೇ ಚಾಲಕರಾಗಿದ್ದಾಗ

ತಮ್ಮ ತಪ್ಪಿನಿಂದಲೇ ಅಪಘಾತವಾಗಿ ಚಾಲಕರು ಮೃತರಾದರೆ ಕಲಂ 166ರ ಪರಿಹಾರ ದೊರೆಯದು. 2014ರ ಜೂನ್‌ನಲ್ಲಿ ಅರಸೀಕೆರೆಯತ್ತ ಅತಿವೇಗದಿಂದ ಕಾರು ಚಲಾಯಿಸುತ್ತಿದ್ದ ಗುತ್ತಿಗೆದಾರರೊಬ್ಬರು ಮರಣ ಹೊಂದಿದರು. ಕುಟುಂಬವು 80 ಲಕ್ಷ ರೂಪಾಯಿ ಕೋರಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ನಿರಾಕರಿಸಿತು. 2025ರ ಜುಲೈ 2ರಂದು ಸುಪ್ರೀಂ ಕೋರ್ಟ್ ಸಹ ಮಧ್ಯಪ್ರವೇಶಿಸಲಿಲ್ಲ. ಮುದ್ದೇಬಿಹಾಳಕ್ಕೆ ಸಮೀಪದ ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಎರವಲು ಪಡೆದ ಮೋಟಾರ್ ಸೈಕಲ್ ಎತ್ತಿನ ಗಾಡಿಗೆ ಬಡಿದು ಸವಾರ ಮೃತಪಟ್ಟ ಪ್ರಕರಣದಲ್ಲಿ, ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆಂದು 2009ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿತ್ತು.

ಇಂತಹ ಸಂದರ್ಭಕ್ಕೆಂದೇ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ ಇದೆ. ಆದರೆ ಚಾಲನಾ ಪರವಾನಗಿ ಊರ್ಜಿತವಾಗಿರಬೇಕು. ವಾಹನವು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದ್ದರೆ ಈ ವಿಮೆ ಅನ್ವಯಿಸುವುದಿಲ್ಲ. ಫರ್ಮಿನ ಹೆಸರಿನಲ್ಲಿ ಕಾರು ಕೊಂಡಿರುವ ಪಾಲುದಾರರು ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸುವುದು ಅವಶ್ಯ.

ಸರಕಿನ ಲಾರಿಯಲ್ಲಿ ಪ್ರಯಾಣ

ಗೂಡ್ಸ್ ವಾಹನದಲ್ಲಿ ಸುಮ್ಮನೆ ಹತ್ತಿ ಕುಳಿತ ಪ್ರಯಾಣಿಕನಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲಿ ತೀರ್ಮಾನವಾಗಿದೆ. ಆದರೆ 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕನಿಗೂ ಆತನ ಅಧಿಕೃತ ಪ್ರತಿನಿಧಿಗೂ ಆ ರಕ್ಷಣೆ ಇದೆ. ಲಾರಿಯಲ್ಲಿ ತೊಗರಿ ತುಂಬಿಸಿಕೊಂಡು ಹೋಗುವ ವರ್ತಕರು ತಮ್ಮ ಹೆಸರಿನ ಬಿಲ್ಲು ಜೊತೆಗಿರಿಸಿಕೊಳ್ಳಬೇಕು. ಗುಮಾಸ್ತನನ್ನು ಕಳುಹಿಸುವಾಗ ಒಂದು ಅಧಿಕಾರ ಪತ್ರವನ್ನೂ ಕೊಡಬೇಕು. ನಾಳೆ ಆ ಒಂದು ಹಾಳೆಯೇ ಅವರ ಮನೆಯವರಿಗೆ ಆಧಾರವಾಗಬಹುದು.

ದಾಖಲೆ, ಪಾಲಿಸಿ, ಪರವಾನಗಿಗಳು ಎಲ್ಲಿವೆ ಎಂಬುದನ್ನು ಮನೆಯವರಿಗೆ ತಿಳಿಸಿಡುವುದು ಕೊನೆಯ, ಆದರೆ ಮುಖ್ಯವಾದ ಕೆಲಸ. ವ್ಯಾಪಾರದಲ್ಲಿ ನಷ್ಟವಾದರೆ ಮುಂದಿನ ಸುಗ್ಗಿಯಲ್ಲಿ ಸರಿದೂಗಿಸಬಹುದು. ಯಜಮಾನನ ಅಗಲಿಕೆಯನ್ನು ಯಾವ ಪರಿಹಾರವೂ ತುಂಬಲಾರದು. ಆದರೆ ಮಕ್ಕಳ ಶಿಕ್ಷಣವೂ ಅಂಗಡಿಯ ಬಾಗಿಲೂ ನಿಲ್ಲದಂತೆ ಅದು ನೋಡಿಕೊಳ್ಳಬಲ್ಲದು.