ಔದ್ಯೋಗಿಕ ಚಿಕಿತ್ಸಕರ ಅಂತರರಾಜ್ಯ ವೃತ್ತಿಸೇವೆ

ಒಂದು ರಾಜ್ಯದಲ್ಲಿ ನೋಂದಣಿ ಅಥವಾ ಪರವಾನಗಿ ಪಡೆದ ಔದ್ಯೋಗಿಕ ಚಿಕಿತ್ಸಕರು ಮತ್ತೊಂದು ರಾಜ್ಯದ ರೋಗಿಗಳಿಗೂ ಕಾನೂನುಬದ್ಧವಾಗಿ ಚಿಕಿತ್ಸೆ ನೀಡುವುದನ್ನು ಔದ್ಯೋಗಿಕ ಚಿಕಿತ್ಸಕರ ಅಂತರರಾಜ್ಯ ವೃತ್ತಿಸೇವೆ ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ 2021ರ ಕೇಂದ್ರ ಕಾಯ್ದೆಯೊಂದು ಆಧಾರವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರಾಜ್ಯಗಳ ನಡುವಿನ ಒಪ್ಪಂದವು ಇದೇ ಉದ್ದೇಶವನ್ನು ಹೊಂದಿದೆ.

== ಹಿನ್ನೆಲೆ ==
ಪಾರ್ಶ್ವವಾಯು, ಅಪಘಾತ ಅಥವಾ ಬೆಳವಣಿಗೆಯ ತೊಂದರೆಗಳಿಂದ ಬಳಲುವವರು ಊಟ, ಸ್ನಾನ, ಬರವಣಿಗೆ, ಕಸುಬು ಮೊದಲಾದ ದೈನಂದಿನ ಕೆಲಸಗಳನ್ನು ಪುನಃ ತಾವೇ ಮಾಡಿಕೊಳ್ಳುವಂತೆ ತರಬೇತಿ ನೀಡುವುದು ಔದ್ಯೋಗಿಕ ಚಿಕಿತ್ಸೆಯ ಗುರಿ. ಭಾರತದಲ್ಲಿ ಇದರ ಶಿಕ್ಷಣವನ್ನು ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘವು ಸ್ಥಾಪನೆಯಾಯಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಈ ವಿಷಯದ ಪದವಿ ಶಿಕ್ಷಣ ಲಭ್ಯವಿದೆ.

ದೀರ್ಘಕಾಲ ಈ ವೃತ್ತಿಗೆ ದೇಶವ್ಯಾಪಿ ಶಾಸನಬದ್ಧ ನೋಂದಣಿ ಇರಲಿಲ್ಲ. ದೆಹಲಿ, ಮಹಾರಾಷ್ಟ್ರದಂತಹ ಕೆಲವೆಡೆ ಮಾತ್ರ ಪ್ರತ್ಯೇಕ ಪರಿಷತ್ತಿನ ಕಾಯ್ದೆಗಳಿದ್ದವು.

== ಭಾರತದ ಕಾಯ್ದೆ ==
ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗ ಕಾಯ್ದೆಗೆ 2021ರ ಮಾರ್ಚ್ 28ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಕಾಯ್ದೆಯ ಅನುಸೂಚಿಯಲ್ಲಿರುವ ಹತ್ತು ವರ್ಗಗಳಲ್ಲಿ ಔದ್ಯೋಗಿಕ ಚಿಕಿತ್ಸೆಯೂ ಒಂದು. ಪ್ರತಿ ರಾಜ್ಯದಲ್ಲಿ ಪರಿಷತ್ತು ಮತ್ತು ರಾಜ್ಯ ರಿಜಿಸ್ಟರ್, ಆಯೋಗದ ಬಳಿ ಕೇಂದ್ರ ರಿಜಿಸ್ಟರ್ ಇರಬೇಕೆಂದು ಕಾಯ್ದೆ ವಿಧಿಸುತ್ತದೆ. ರಾಜ್ಯ ಅಥವಾ ಕೇಂದ್ರ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಯಾವ ರಾಜ್ಯದಲ್ಲಿಯೂ ಈ ಸೇವೆ ನೀಡುವಂತಿಲ್ಲ. ಹೀಗಾಗಿ ಅರ್ಹತೆಯನ್ನು ತೀರ್ಮಾನಿಸುವುದು ರಾಜ್ಯದ ಗಡಿಯಲ್ಲ, ನೋಂದಣಿ.

ಪರಿಷತ್ತು ರಚನೆಯಾಗದಿದ್ದರೆ ನೋಂದಣಿ ಸಾಧ್ಯವಾಗದು. ಅನೇಕ ರಾಜ್ಯಗಳಲ್ಲಿ ಈ ಕಾರ್ಯ ವಿಳಂಬವಾದುದರಿಂದ, ಕಾಯ್ದೆಯನ್ನು ಎರಡು ತಿಂಗಳೊಳಗೆ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಕೇಂದ್ರ ಮತ್ತು ರಾಜ್ಯಗಳಿಗೆ ನಿರ್ದೇಶನ ನೀಡಿತು.

== ಅಮೆರಿಕದ ಒಪ್ಪಂದ ==
ಅಮೆರಿಕದಲ್ಲಿ ಪ್ರತಿ ರಾಜ್ಯವೂ ತನ್ನದೇ ಪರವಾನಗಿ ನೀಡುತ್ತದೆ. ಹತ್ತು ರಾಜ್ಯಗಳು ಒಪ್ಪಂದವನ್ನು ತಮ್ಮ ಕಾನೂನಾಗಿ ಅಂಗೀಕರಿಸಿದ ಮೇಲೆ ಅದು ಜಾರಿಗೆ ಬರಬೇಕೆಂಬ ನಿಯಮವಿತ್ತು. 2021ರಲ್ಲಿ ವರ್ಜೀನಿಯಾ ಮೊದಲು ಅಂಗೀಕರಿಸಿತು. 2022ರಲ್ಲಿ ಹತ್ತು ರಾಜ್ಯಗಳ ಸಂಖ್ಯೆ ಪೂರ್ಣಗೊಂಡಿತು. ಇದರಡಿ ಚಿಕಿತ್ಸಕರು ತಮ್ಮ ವಾಸದ ರಾಜ್ಯದ ಪರವಾನಗಿಯ ಆಧಾರದಲ್ಲಿ ಇತರ ಸದಸ್ಯ ರಾಜ್ಯಗಳಲ್ಲಿ ಸೇವೆಯ ಹಕ್ಕು ಪಡೆಯಬಹುದು. ಆದರೆ ರೋಗಿ ಇರುವ ರಾಜ್ಯದ ನಿಯಮಗಳನ್ನು ಅವರು ಪಾಲಿಸಬೇಕು.

== ಗಡಿ ಪ್ರದೇಶಗಳಲ್ಲಿ ಮಹತ್ವ ==
ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು ಆಂಧ್ರಪ್ರದೇಶದ ರಾಯದುರ್ಗ ಪ್ರದೇಶಕ್ಕೆ ಹೊಂದಿಕೊಂಡಿದೆ. ಕೊಂಡ್ಲಹಳ್ಳಿ ಈ ತಾಲ್ಲೂಕಿನ ಗ್ರಾಮ. ತಾಲ್ಲೂಕು ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾಗಿದೆ. ಪಾರ್ಶ್ವವಾಯುವಿನಿಂದ ಕೈಯ ಹಿಡಿತ ಕಳೆದುಕೊಂಡ ನೇಕಾರರು ಮತ್ತೆ ಮಗ್ಗಕ್ಕೆ ಮರಳಲು ವಾರಗಟ್ಟಲೆ ಅಭ್ಯಾಸ ಅಗತ್ಯವಾಗುತ್ತದೆ. ಸಮೀಪದ ಚಿಕಿತ್ಸಕರು ಗಡಿಯಾಚೆಯವರಾಗಿದ್ದರೆ, ಅವರ ನೋಂದಣಿ ಈಚೆಯೂ ಮಾನ್ಯವಾಗಿರುವುದು ಚಿಕಿತ್ಸೆ ನಡುವೆ ನಿಲ್ಲದಿರಲು ನೆರವಾಗುತ್ತದೆ.

== ಮಿತಿಗಳು ==
ನೋಂದಣಿಯ ಮಾನ್ಯತೆ ಮಾತ್ರದಿಂದ ಚಿಕಿತ್ಸಕರ ಸಂಖ್ಯೆ ಹೆಚ್ಚುವುದಿಲ್ಲ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಗಳು ನೋಂದಾಯಿತ ವೈದ್ಯರನ್ನು ಉದ್ದೇಶಿಸಿದವುಗಳಾಗಿವೆ. ಆದ್ದರಿಂದ ದೂರದಿಂದ ನೀಡುವ ಔದ್ಯೋಗಿಕ ಚಿಕಿತ್ಸೆಗೆ ಅವು ನೇರವಾಗಿ ಅನ್ವಯಿಸುವುದಿಲ್ಲ. ಚಿಕಿತ್ಸಕರ ಹೆಸರು ರಿಜಿಸ್ಟರಿನಲ್ಲಿದೆಯೇ ಎಂದು ಪರಿಶೀಲಿಸುವುದು ರೋಗಿಯ ರಕ್ಷಣೆಗೆ ಮುಖ್ಯವಾದ ಕ್ರಮವಾಗಿದೆ.