ಶಿಕ್ಷಕರ ಗಣಕಯಂತ್ರವೂ ಕಾಗದದ ವ್ಯಾಪಾರವೂ

ಶಾಲೆಗಳಲ್ಲಿ ಗಣಕಯಂತ್ರದ ಬಳಕೆ ಹೆಚ್ಚಿದಂತೆ ಕಾಗದದ ಬೇಡಿಕೆ ಕುಸಿಯಬಹುದೆಂಬ ಆತಂಕ ಮುದ್ರಣ, ನೋಟ್‌ಬುಕ್ ತಯಾರಿಕೆ ಹಾಗೂ ಲೇಖನ ಸಾಮಗ್ರಿ ವ್ಯಾಪಾರದಲ್ಲಿ ತೊಡಗಿರುವವರಿಗೆ ಸಹಜವೇ ಆಗಿದೆ. ಆದರೆ ಶಾಲೆಯ ಕಾಗದವೆಲ್ಲವೂ ಒಂದೇ ಬಗೆಯದಲ್ಲ. ಶಿಕ್ಷಕರು ಗಣಕಯಂತ್ರದಿಂದ ಯಾವ ಕೆಲಸ ಮಾಡಿಸಿಕೊಳ್ಳುತ್ತಾರೆಂಬುದನ್ನು ಅರಿತರೆ, ಯಾವ ಕಾಗದ ಕಡಿಮೆಯಾಗುತ್ತದೆಂಬುದೂ ಸ್ಪಷ್ಟವಾಗುತ್ತದೆ.

ಬೀರುವಿನಿಂದ ಕಡತಕ್ಕೆ

ಪಾಠ ಯೋಜನೆ, ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಸುತ್ತೋಲೆ ಇವೆಲ್ಲವೂ ಶಿಕ್ಷಕರ ಬೀರುವಿನಲ್ಲಿ ರಾಶಿಯಾಗಿರುತ್ತವೆ. ಕಳೆದ ವರ್ಷದ ಪ್ರತಿ ಕೈಗೆ ಸಿಗದಿದ್ದರೆ ಅದನ್ನೇ ಮತ್ತೆ ಬರೆದು ಜೆರಾಕ್ಸ್ ಮಾಡಿಸಬೇಕಾಗುತ್ತದೆ. ತರಗತಿ, ವಿಷಯ, ಘಟಕ ಎಂಬ ಕ್ರಮದಲ್ಲಿ ಕಡತಗಳನ್ನು ಜೋಡಿಸಿ, ಹೆಸರಿನಲ್ಲಿಯೇ ವರ್ಷವನ್ನು ನಮೂದಿಸಿದರೆ ಈ ಪುನರಾವರ್ತನೆ ತಪ್ಪುತ್ತದೆ. 2017ರ ಸೆಪ್ಟೆಂಬರ್ 5ರಂದು ಆರಂಭವಾದ ಕೇಂದ್ರ ಸರ್ಕಾರದ ‘ದೀಕ್ಷಾ’ ವೇದಿಕೆಯು ಪಠ್ಯಪುಸ್ತಕದಲ್ಲಿ ಮುದ್ರಿತವಾದ ಕ್ಯುಆರ್ ಸಂಕೇತದ ಮೂಲಕ ಪಾಠಸಾಮಗ್ರಿಯನ್ನು ಒದಗಿಸುತ್ತದೆ. ಇಲ್ಲಿ ಮುದ್ರಿತ ಪುಸ್ತಕವೇ ಗಣಕದ ಸಾಮಗ್ರಿಗೆ ಪ್ರವೇಶದ್ವಾರವಾಗಿರುವುದು ಗಮನಾರ್ಹ.

ಕನ್ನಡದ ಕಡತಗಳಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಬರಹವನ್ನು ಗಣಕಯಂತ್ರವು ಕನ್ನಡವೆಂದು ಗುರುತಿಸದು, ಹುಡುಕಿದರೂ ಸಿಗದು. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಎರಡು ಕಡೆ ಪ್ರತಿ ಇಟ್ಟುಕೊಳ್ಳುವುದು ಕ್ಷೇಮ. ಹಳೆಯ ಪತ್ರವ್ಯವಹಾರವಿರುವ ನಮ್ಮ ಅಂಗಡಿ, ಕಾರ್ಖಾನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಉಳಿತಾಯದ ಲೆಕ್ಕ

300 ವಿದ್ಯಾರ್ಥಿಗಳಿರುವ ಒಂದು ಪ್ರೌಢಶಾಲೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. 6 ವಿಷಯಗಳು, ವರ್ಷಕ್ಕೆ 4 ರೂಪಣಾತ್ಮಕ ಹಾಗೂ 2 ಸಂಕಲನಾತ್ಮಕ ಪರೀಕ್ಷೆಗಳು. ಪ್ರತಿ ಪ್ರಶ್ನೆಪತ್ರಿಕೆಗೆ ಒಂದೇ ಬದಿ ಮುದ್ರಿಸಿದ 2 ಹಾಳೆಗಳಾದರೆ ಒಟ್ಟು 21,600 ಹಾಳೆ, ಅಂದರೆ 43 ರೀಮಿಗೂ ಹೆಚ್ಚು. 75 ಜಿಎಸ್ಎಂ ಎ4 ಕಾಗದದಲ್ಲಿ ಇದರ ತೂಕ ಸುಮಾರು 100 ಕಿಲೋ. ಪುಟಗಳನ್ನು ಗಣಕಯಂತ್ರದಲ್ಲಿ ಜೋಡಿಸಿ ಎರಡೂ ಬದಿ ಮುದ್ರಿಸಿದರೆ 10,800 ಹಾಳೆ ಸಾಕು. ಪ್ರತಿ ವಿದ್ಯಾರ್ಥಿಗೂ ಟ್ಯಾಬ್ಲೆಟ್ ಕೊಡದೆಯೇ ಅರ್ಧ ಕಾಗದ ಉಳಿಯಿತು. ಉಳಿತಾಯವು ಯಂತ್ರದ ಬೆಲೆಯಿಂದಲ್ಲ, ಬಳಸುವವರ ಶಿಸ್ತಿನಿಂದ ಬರುತ್ತದೆ.

ವ್ಯಾಪಾರಕ್ಕೆ ಇದರ ಅರ್ಥ

ನಿಜವಾಗಿ ಹಿಂಜರಿಯುತ್ತಿರುವುದು ಆಡಳಿತದ ಕಾಗದ. ಶಾಲಾ ಅಂಕಿಅಂಶ ಸಂಗ್ರಹಣೆಯು 2018-19ರಿಂದ ಯುಡೈಸ್ ಪ್ಲಸ್ ಮೂಲಕ ಅಂತರಜಾಲಕ್ಕೆ ಬಂದಿದೆ. ಕರ್ನಾಟಕದ ವಿದ್ಯಾರ್ಥಿಗಳ ದಾಖಲಾತಿಯ ವಿವರಗಳು ಸ್ಯಾಟ್ಸ್ ತಂತ್ರಾಂಶದಲ್ಲಿವೆ. ಆದ್ದರಿಂದ ಅಚ್ಚು ಹಾಕಿದ ನಮೂನೆ, ವಹಿಗಳನ್ನೇ ನಂಬಿರುವ ಮುದ್ರಣಾಲಯಗಳು ಈಗಲೇ ಎಚ್ಚೆತ್ತುಕೊಳ್ಳುವುದು ಒಳಿತು. ಆದರೆ ಮಗು ಅಕ್ಷರ ತಿದ್ದುವ, ಲೆಕ್ಕ ಬಿಡಿಸುವ ಪುಸ್ತಕದ ಸ್ಥಾನವನ್ನು ಶಿಕ್ಷಕರ ಗಣಕಯಂತ್ರ ಆಕ್ರಮಿಸುವುದಿಲ್ಲ.

ತೆರಿಗೆಯ ಬದಲಾವಣೆಯನ್ನೂ ಇದರೊಡನೆ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಶಾಲಾ ಅಭ್ಯಾಸ ಪುಸ್ತಕಗಳ ಮೇಲಿನ ಶೇ. 12ರ ಜಿಎಸ್‌ಟಿ ಶೂನ್ಯಕ್ಕಿಳಿಯಿತು. ಅವುಗಳ ತಯಾರಿಕೆಗೆ ಬಳಸುವ ಲೇಪನರಹಿತ ಕಾಗದಕ್ಕೂ ವಿನಾಯಿತಿ ದೊರೆಯಿತು. ಇತರ ಬರವಣಿಗೆ ಮತ್ತು ಮುದ್ರಣ ಕಾಗದದ ದರ ಶೇ. 18ಕ್ಕೇರಿತು. ಪುಸ್ತಕಕ್ಕೆ ವಿನಾಯಿತಿ ಇರುವುದರಿಂದ ಮಸಿ, ಅಂಟು ಮೊದಲಾದವುಗಳ ಮೇಲೆ ತೆತ್ತ ತೆರಿಗೆಯನ್ನು ಮರಳಿ ಜಮೆ ಪಡೆಯಲಾಗದು. ಅದು ತಯಾರಕರ ವೆಚ್ಚಕ್ಕೇ ಸೇರುತ್ತದೆ. ಬೆಲೆ ನಿಗದಿ ಮಾಡುವಾಗ ಈ ಅಂಶವನ್ನು ಮರೆಯಬಾರದು.

ಸದಸ್ಯರು ತಮ್ಮ ಮಾರಾಟದ ಪುಸ್ತಕವನ್ನು ತೆರೆದು, ಶಾಲೆಗಳಿಗೆ ಹೋಗುವ ಸರಕನ್ನು ಎರಡು ಭಾಗ ಮಾಡಿ ನೋಡುವುದು ಸೂಕ್ತ: ಕಚೇರಿಯ ಕಾಗದ ಎಷ್ಟು, ಮಕ್ಕಳ ಕಾಗದ ಎಷ್ಟು? ಮೊದಲನೆಯದರ ಮೇಲೆ ಹೊಸ ಬಂಡವಾಳ ಹೂಡುವ ಮುನ್ನ ಯೋಚಿಸಬೇಕು. ಎರಡನೆಯದರಲ್ಲಿ ಗುಣಮಟ್ಟವನ್ನು ಕಾಯ್ದುಕೊಂಡವರಿಗೆ ಗಣಕಯಂತ್ರದ ಭಯವಿಲ್ಲ.