ಪರಸಿ ಕಲ್ಲಿನ ಪಡಸಾಲೆಯಲ್ಲಿ ಐದು ಸ್ಪೀಕರ್

ತೊಗರಿ ರಾಶಿ ಮುಗಿದು ಕೈಗೆ ರೊಕ್ಕ ಬಂದಾಗ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಗಳಿಗೆ ಬರುವ ಸಾಮಾನಿನಲ್ಲಿ ದೊಡ್ಡ ಟಿವಿಯ ಬೆನ್ನಿಗೇ ಹೋಮ್ ಥಿಯೇಟರ್ ಸೆಟ್ಟೂ ಸೇರಿಕೊಂಡಿದೆ. ಕೆಲವರು ಕಲಬುರಗಿಯಿಂದ ತರುತ್ತಾರೆ, ಗಡಿಗೆ ಹತ್ತಿರದ ಆಳಂದದವರು ಸೊಲ್ಲಾಪುರದಿಂದಲೂ ತರುತ್ತಾರೆ. ಎಲ್ಲಿಂದ ತಂದರೂ ಮೊದಲ ಸಿನಿಮಾ ನೋಡಿದ ಮೇಲೆ ಬರುವ ದೂರು ಒಂದೇ: “ಸೌಂಡ್ ಭಾಳ ಅದ ರೀ, ಆದ್ರ ಮಾತು ತಿಳೀವಲ್ದು.” ಹೊಡೆದಾಟ ಬಂದರೆ ಕಿಟಕಿ ನಡುಗುತ್ತದೆ, ಅವ್ವ ಮಗನ ಮಾತು ಬಂದರೆ ರಿಮೋಟ್ ಹುಡುಕಬೇಕು. ಇದಕ್ಕೆ ಪರಿಹಾರ ಇನ್ನೂ ದೊಡ್ಡ ಸೆಟ್ ಎಂದು ಬಹಳ ಜನ ನಂಬಿದ್ದಾರೆ. ನಮ್ಮ ಮನೆಗಳ ನೆಲ, ಗೋಡೆ, ನಾವು ಕೂಡುವ ರೀತಿ ಇವನ್ನು ಲೆಕ್ಕಕ್ಕೆ ತಗೊಳ್ಳದೆ ಕೊಂಡ ಸೆಟ್ ಎಷ್ಟು ದೊಡ್ಡದಾದರೂ ಮಾತು ತಿಳಿಯಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ವ್ಯಾಟ್‌ನ ನಂಬಿಕೆ. “ವ್ಯಾಟ್ ಜಾಸ್ತಿ ಇದ್ದಷ್ಟು ಸೌಂಡ್ ಛಲೋ.” ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟ್ ಬರೆದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿಎಂಪಿಒ ಎಂದಿರುತ್ತದೆ. ಆ ಅಳತೆಗೆ ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ, ತಯಾರಕರು ತಮಗೆ ಬೇಕಾದ ಸಂಖ್ಯೆ ಹಾಕಬಹುದು. ಕೇಳಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸೆಟ್ ಎಡೆಬಿಡದೆ ಕೊಡಬಲ್ಲ ಬಲ. ಅದನ್ನೂ ಒಂದು ಮಿತಿಯಲ್ಲಿ ನೋಡಬೇಕು. ವ್ಯಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಸ್ವಲ್ಪವೇ ಹೆಚ್ಚು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವ್ಯಾಟ್ ಹತ್ತು ಪಟ್ಟಾಗಬೇಕು. ಸ್ಪೀಕರ್‌ನ ಸೆನ್ಸಿಟಿವಿಟಿ ಎಂಬ ಇನ್ನೊಂದು ಸಂಖ್ಯೆ ಇದೆ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು. 87 ಇರುವ ಸ್ಪೀಕರ್‌ಗಿಂತ 90 ಇರುವುದು ಅರ್ಧ ವ್ಯಾಟ್‌ನಲ್ಲೇ ಅಷ್ಟೇ ಜೋರಾಗಿ ನುಡಿಯುತ್ತದೆ. 87ರ ಸ್ಪೀಕರ್ ಹತ್ತಡಿ ಆಚೆ ಕೂತವರಿಗೂ ಒಂದೇ ವ್ಯಾಟ್‌ನಲ್ಲಿ 77 ಡೆಸಿಬಲ್‌ನಷ್ಟು ಮುಟ್ಟಿಸುತ್ತದೆ. ಮಾತಿಗೆ ಅದು ಧಾರಾಳ. ಸ್ಫೋಟದಂಥ ಕ್ಷಣಗಳಿಗೆ ಐವತ್ತು, ನೂರು ವ್ಯಾಟ್ ಬೇಕಾಗುತ್ತದೆ. ಅದರಾಚೆಗಿನ ಸಂಖ್ಯೆಗೆ ಮನೆಯ ಪಡಸಾಲೆಯಲ್ಲಿ ಕೆಲಸವಿಲ್ಲ.

ಹಾಗಾದರೆ ಮಾತು ಎಲ್ಲಿ ಕಳೆದುಹೋಗುತ್ತದೆ? ನೆಲದಲ್ಲಿ, ಗೋಡೆಯಲ್ಲಿ. ನಮ್ಮ ಜಿಲ್ಲೆಯ ಶಹಾಬಾದಿನ ಪರಸಿ ಕಲ್ಲೇ ನಮ್ಮ ಮನೆಗಳ ನೆಲ. ಬೇಸಿಗೆಯಲ್ಲಿ ತಂಪು, ತೊಳೆದರೆ ಚೊಕ್ಕ, ತಲೆಮಾರು ಬಾಳುತ್ತದೆ. ಆದರೆ ಗಟ್ಟಿ ನುಣುಪು ಕಲ್ಲು ತನಗೆ ಬಡಿದ ಧ್ವನಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನೂ ಹೀರುವುದಿಲ್ಲ, ಉಳಿದದ್ದನ್ನೆಲ್ಲ ತಿರುಗಿ ಎಸೆಯುತ್ತದೆ. ಸಿಮೆಂಟ್ ಗಿಲಾವು ಮಾಡಿದ ಗೋಡೆ, ಮೇಲಿನ ಸ್ಲ್ಯಾಬ್ ಕೂಡ ಹಾಗೆಯೇ. ವಿಜಯಪುರದ ಗೋಳಗುಮ್ಮಟ ನೋಡದವರು ನಮ್ಮ ಕಡೆ ಕಡಿಮೆ. 1656ರ ಹೊತ್ತಿಗೆ ಕಟ್ಟಿದ ಆ ಗುಮ್ಮಟದ ಕೆಳಗೆ ಒಬ್ಬರು ಕೂಗಿದರೆ ಮಾತು ಮತ್ತೆ ಮತ್ತೆ ಮರಳುತ್ತದೆ, ಹತ್ತು ಮಂದಿ ಒಟ್ಟಿಗೆ ಕೂಗಿದರೆ ಯಾರ ಮಾತೂ ಅರ್ಥವಾಗುವುದಿಲ್ಲ. ಅದೇ ಭೌತಶಾಸ್ತ್ರ ಹನ್ನೆರಡಕ್ಕೆ ಹದಿನೈದಡಿಯ ಪಡಸಾಲೆಯಲ್ಲೂ ನಡೆಯುತ್ತದೆ, ಸಣ್ಣ ಪ್ರಮಾಣದಲ್ಲಿ. ಪ್ರತಿಧ್ವನಿಗಳು ಬೇರೆ ಬೇರೆಯಾಗಿ ಕೇಳದೆ ಒಂದರ ಮೇಲೊಂದು ಬಿದ್ದು ಗುಂಯ್ ಎಂದು ಉಳಿಯುತ್ತವೆ. ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ಅವು ಉದ್ದ. ತ, ಸ, ಚ, ಪ ದಂಥ ವ್ಯಂಜನಗಳು ಗಳಿಗೆಯಷ್ಟೇ ಇರುತ್ತವೆ, ಬಲವೂ ಕಡಿಮೆ. ಹಿಂದಿನ ಸ್ವರದ ಗುಂಯ್ ಇನ್ನೂ ಕೋಣೆಯಲ್ಲಿ ಓಡಾಡುತ್ತಿರುವಾಗ ಮುಂದಿನ ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ ಗುಂಯ್ ಕೂಡ ಅಷ್ಟೇ ಏರುತ್ತದೆ, ತೊಡಕು ತೊಡಕಾಗಿಯೇ ಉಳಿಯುತ್ತದೆ.

ಈ ಲೆಕ್ಕವನ್ನು ಮೊದಲು ಹಿಡಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಉಳಿಯುತ್ತಿತ್ತು. ಸಬೀನ್ ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದಿಷ್ಟು ಒಂದಿಷ್ಟಾಗಿ ಹರಡುತ್ತ ಧ್ವನಿ ಆರುವ ಸಮಯ ಅಳೆದರು. ಮೆತ್ತೆ ಹೆಚ್ಚಿದಂತೆ ಮಾತು ತಿಳಿಯಾಯಿತು. ಅವರು ಕಂಡುಕೊಂಡ ಸೂತ್ರವನ್ನೇ ಇಂದಿಗೂ ಸಭಾಂಗಣ ಕಟ್ಟುವವರು ಬಳಸುತ್ತಾರೆ. ಆ ಸೂತ್ರಕ್ಕೆ ನಮ್ಮ ಹನ್ನೆರಡು, ಹದಿನೈದು, ಹತ್ತಡಿ ಎತ್ತರದ ಬರಿ ಕಲ್ಲು ಗಿಲಾವಿನ ಕೋಣೆಯನ್ನು ಹಾಕಿದರೆ ಧ್ವನಿ ಆರಲು ಮೂರು ಸೆಕೆಂಡಿಗಿಂತ ಹೆಚ್ಚು ಬರುತ್ತದೆ. ಬಾಗಿಲು, ಕಿಟಕಿ, ಸಾಮಾನು, ಕೂತ ಜನ ಇದನ್ನು ಸಾಕಷ್ಟು ಇಳಿಸುತ್ತಾರೆ. ಸಿನಿಮಾ ಕೇಳಲು ಚಂದ ಅನ್ನಿಸುವುದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ.

ಇದಕ್ಕೆ ಬೇಕಾದ ಸಾಮಾನು ನಮ್ಮ ಮನೆಯಲ್ಲೇ ಇದೆ. ಟಿವಿಗೂ ಕೂಡುವ ಜಾಗಕ್ಕೂ ನಡುವಿನ ನೆಲಕ್ಕೆ ದಪ್ಪ ಜಮಖಾನ, ಅದರಡಿಗೆ ಒಂದೆರಡು ಹಳೆ ಕೌದಿ. ಬೆನ್ನ ಹಿಂದಿನ ಗೋಡೆಗೆ ನಿಲ್ಲಿಸಿದ ಹತ್ತಿ ಗಾದಿ, ಲೋಡು. ಕಿಟಕಿಗೆ ತೆಳು ಬಟ್ಟೆಯ ಬದಲು ನೆರಿಗೆ ಹೆಚ್ಚಿರುವ ದಪ್ಪ ಪರದೆ. ನಾಲ್ಕಿಂಚು ದಪ್ಪದ ಹತ್ತಿ ಗಾದಿ ಮಾತಿನ ಎತ್ತರದ ಧ್ವನಿಗಳನ್ನು ಚೆನ್ನಾಗಿ ಹೀರುತ್ತದೆ. ಬೇಸ್ ಮಾತ್ರ ಇದಕ್ಕೆ ಬಗ್ಗುವುದಿಲ್ಲ: 100 ಹರ್ಟ್ಸ್‌ನ ಅಲೆಯ ಉದ್ದ ಮೂರುವರೆ ಮೀಟರಿನಷ್ಟು, ಅದಕ್ಕೆ ಜಮಖಾನ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಗೋಡೆಗೆ ಮೊಟ್ಟೆಯ ಟ್ರೇ, ಥರ್ಮೋಕೋಲ್ ಹಚ್ಚಿದರೆ ಧ್ವನಿ ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆಯೂ ಇದೆ. ಟ್ರೇ ತೆಳು ಕಾಗದ, ಥರ್ಮೋಕೋಲಿನೊಳಗೆ ಗಾಳಿ ಆಡುವುದೇ ಇಲ್ಲ. ಎರಡೂ ಧ್ವನಿಯನ್ನು ತಡೆಯುವುದಿಲ್ಲ, ಬೆಂಕಿ ತಗುಲಿದರೆ ಮಾತ್ರ ಬೇಗ ಹೊತ್ತುತ್ತವೆ. ಅವನ್ನು ಮನೆಯೊಳಗೆ ಹಚ್ಚಲೇಬೇಡಿ.

ಜೋಡಿಸುವುದರಲ್ಲಿ ದೊಡ್ಡ ತಪ್ಪು ಎತ್ತರದ್ದು. ಮದುವೆ ಮಂಟಪದ ಬಾಕ್ಸ್ ಮೇಲಿರುತ್ತದೆ, ಟಾಕೀಸಿನಲ್ಲಿ ಗೋಡೆಯ ಮೇಲ್ಭಾಗದಲ್ಲಿರುತ್ತದೆ. ಹಾಗಾಗಿ ಮನೆಯಲ್ಲೂ ನಾಲ್ಕು ಮೂಲೆಯ ಮೇಲ್ತುದಿಗೆ ಮೊಳೆ ಹೊಡೆಸುತ್ತಾರೆ. ಟಾಕೀಸಿನಲ್ಲಿ ನೂರಾರು ಜನಕ್ಕೆ ಮುಟ್ಟಬೇಕು, ಮನೆಯಲ್ಲಿ ನಾಲ್ಕೈದು ಜನಕ್ಕೆ. ಮುಂದಿನ ಎಡ, ಬಲ ಸ್ಪೀಕರ್‌ಗಳು ಕಿವಿಯ ಮಟ್ಟದಲ್ಲಿರಬೇಕು. ಸೋಫಾದಲ್ಲಿ ಕೂತರೆ ಕಿವಿ ಮೂರುವರೆ ಅಡಿ ಎತ್ತರದಲ್ಲಿರುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಜನ ನೆಲದ ಗಾದಿಯ ಮೇಲೆ ಕೂಡುತ್ತಾರೆ, ಆಗ ಅದು ಎರಡೂವರೆ ಅಡಿ. ಕಂಪನಿಗಳ ಪುಸ್ತಿಕೆಗಳು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ, ಅವುಗಳ ಚಿತ್ರದಲ್ಲಿ ಹೆಚ್ಚಾಗಿ ಸೋಫಾ. ನೆಲದಲ್ಲಿ ಕೂಡುವ ಮನೆಯಲ್ಲಿ ಸ್ಪೀಕರ್ ಸ್ಟ್ಯಾಂಡನ್ನು ಅಷ್ಟು ಇಳಿಸಿ, ಇಲ್ಲವೇ ಸ್ಪೀಕರಿನ ಮೋರೆಯನ್ನು ಕೆಳಗೆ ಬಾಗಿಸಿ.

ಎಡ ಬಲದ ನಡುವಿನ ಅಂತರಕ್ಕೆ ಸುಲಭದ ಲೆಕ್ಕವಿದೆ. ನೀವು ಕೂಡುವ ಜಾಗದಿಂದ ಪ್ರತಿ ಸ್ಪೀಕರ್ ಒಂಬತ್ತಡಿ ದೂರವಿದ್ದರೆ ಅವೆರಡರ ನಡುವೆಯೂ ಒಂಬತ್ತಡಿ, ಅಥವಾ ತುಸು ಕಡಿಮೆ. ಆಗ ನೀವು ಕೂತಲ್ಲಿಂದ ನೋಡಿದರೆ ಅವು ಟಿವಿಯ ನಡುವಿನಿಂದ ಎರಡೂ ಕಡೆಗೆ 30 ಡಿಗ್ರಿಯ ಒಳಗೆ ಬರುತ್ತವೆ. ಸರೌಂಡ್ ಎಂದರೆ ಬೆನ್ನ ಹಿಂದೆ ಎಂದು ತಿಳಿದವರೇ ಹೆಚ್ಚು. ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ 5.1 ಸೆಟ್ಟಿನಲ್ಲಿ ಅವುಗಳ ಜಾಗ ಕಿವಿಯ ಪಕ್ಕದಿಂದ ಸ್ವಲ್ಪ ಹಿಂದೆ, ನೇರ ಎದುರಿನಿಂದ ಅಳೆದರೆ 110ರಿಂದ 120 ಡಿಗ್ರಿ. ಎತ್ತರ ಕಿವಿಗಿಂತ ಒಂದೆರಡಡಿ ಮೇಲಿದ್ದರೆ ಒಳ್ಳೆಯದು. ದಿವಾನು ಹಿಂದಿನ ಗೋಡೆಗೆ ಒರಗಿದ್ದರೆ ಸರೌಂಡನ್ನು ಪಕ್ಕದ ಗೋಡೆಗಳಿಗೆ ಹಾಕಿ. ಐದನ್ನೂ ಟಿವಿಯ ಸುತ್ತ ಸಾಲಾಗಿ ಇಟ್ಟರೆ ನೀವು ಎರಡು ಸ್ಪೀಕರಿನ ಸೆಟ್ ಕೇಳುತ್ತಿದ್ದೀರಿ, ದುಡ್ಡು ಮಾತ್ರ ಐದರದ್ದು.

ನಡುವಿನ ಸ್ಪೀಕರ್, ಅಂದರೆ ಸೆಂಟರ್, ಜನ ಅತಿ ಕಡೆಗಣಿಸುವ ಡಬ್ಬಿ. ಸಿನಿಮಾದ ಮಾತು ಹೆಚ್ಚಿನಂಶ ಬರುವುದು ಅದರಿಂದಲೇ. ಅದನ್ನು ಶೋಕೇಸಿನ ಒಳಗಡೆ ಗೊಂಬೆಗಳ ಹಿಂದೆ ಇಡುತ್ತಾರೆ, ಹಳೆ ಮನೆಗಳಲ್ಲಿ ಗೋಡೆಯ ಗೂಡಿನಲ್ಲಿ ತುರುಕುತ್ತಾರೆ. ಸುತ್ತಲಿನ ಕಲ್ಲು ಅದರ ಕೆಳಧ್ವನಿಯನ್ನು ಉಬ್ಬಿಸಿ ಮಾತನ್ನು ಮಂಕು ಮಾಡುತ್ತದೆ. ಅಂಚಿಗೆ ಎಳೆದು, ಕಿವಿಯತ್ತ ಬಾಗಿಸಿ, ಆಮೇಲೆ ಎಲ್ಲ ಸ್ಪೀಕರಿಗೂ ಧ್ವನಿ ಹಂಚುವ ರಿಸೀವರ್ ಪೆಟ್ಟಿಗೆಯಲ್ಲಿ ಸೆಂಟರ್ ಮಟ್ಟವನ್ನು 2–3 ಡೆಸಿಬಲ್ ಏರಿಸಿ. ಬಜೆಟ್ ಕಡಿಮೆ ಇದ್ದರೆ ಐದು ಅಗ್ಗದವುಗಳಿಗಿಂತ ಮುಂದಿನ ಮೂರು ಒಳ್ಳೆಯವು ಮೇಲು. ಹಿಂದಿನವು ಮುಂದಿನ ವರ್ಷ ಬರಲಿ.

“ಬೇಸ್‌ಗೆ ದಿಕ್ಕಿಲ್ಲ, ಸಬ್‌ವೂಫರ್ ಎಲ್ಲಾದ್ರೂ ಇಡ್ರಿ.” ಇದರಲ್ಲಿ ಅರ್ಧ ನಿಜ. 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಹಿಡಿಯುವುದು ಕಷ್ಟ. ಆದರೆ ಎಷ್ಟು ಕೇಳುತ್ತದೆ ಎಂಬುದು ಜಾಗಕ್ಕೆ ತಕ್ಕಂತೆ ವಿಪರೀತ ಬದಲಾಗುತ್ತದೆ. ಹದಿನೈದಡಿಯ ಎರಡು ಗೋಡೆಗಳ ನಡುವೆ 37 ಹರ್ಟ್ಸ್‌ನ ಅಲೆ, ಹನ್ನೆರಡಡಿಯ ನಡುವೆ 47ರ ಅಲೆ ನಿಂತುಬಿಡುತ್ತದೆ. ಗೋಡೆಯ ಬುಡದಲ್ಲಿ ಅದು ಗುಡುಗುತ್ತದೆ, ಕೋಣೆಯ ನಟ್ಟನಡುವೆ ಇಲ್ಲವಾಗುತ್ತದೆ. ವಿದೇಶಿ ಪುಸ್ತಕಗಳ ಸಲಹೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅಲ್ಲಿನ ಜಿಪ್ಸಮ್ ಹಲಗೆಯ ಗೋಡೆ ತಾನೇ ಅಲುಗಿ ಒಂದಿಷ್ಟು ಬೇಸ್ ನುಂಗುತ್ತದೆ. ನಮ್ಮ ಕಲ್ಲಿನ ಗೋಡೆ, ಕಾಂಕ್ರೀಟ್ ಸ್ಲ್ಯಾಬ್ ಅಲುಗುವುದಿಲ್ಲ, ಬೇಸ್ ಒಳಗೇ ಉಳಿಯುತ್ತದೆ. ಆದ್ದರಿಂದ ನಮಗೆ ಸಣ್ಣ ಸಬ್‌ವೂಫರ್ ಸಾಕು, ಮೂಲೆಗೆ ಇಡುವಂತೆಯೂ ಇಲ್ಲ. ಒಂದು ಉಪಾಯ: ಸಬ್‌ವೂಫರನ್ನು ನೀವು ಕೂಡುವ ಜಾಗದಲ್ಲಿ ಇಟ್ಟು, ಬೇಸ್ ಇರುವ ಹಾಡು ಹಾಕಿ, ಬಗ್ಗಿ ಗೋಡೆಯ ಉದ್ದಕ್ಕೂ ನಡೆಯಿರಿ. ಎಲ್ಲಿ ಪ್ರತಿ ಏಟೂ ಬಿಡಿಯಾಗಿ, ಸಮನಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡಿ.

ಇನ್ನೊಂದು ನಂಬಿಕೆ ಮನೆಮನೆಯಲ್ಲಿದೆ: ಐದೂ ಡಬ್ಬಿ ನುಡಿದರೆ ಅದೇ ಸರೌಂಡ್. ಮೊಬೈಲಿನಿಂದ ಬ್ಲೂಟೂತ್‌ನಲ್ಲಿ ಸಿನಿಮಾ ಹಚ್ಚುತ್ತಾರೆ. ಹಾಡು ಸಿನಿಮಾಗಳಿಗೆ ಬಳಕೆಯಲ್ಲಿರುವ ಬ್ಲೂಟೂತ್ ಸಾಗಿಸುವುದು ಎಡ, ಬಲ ಎರಡೇ ಹಾದಿಗಳನ್ನು. ಉಳಿದ ಮೂರಕ್ಕೆ ಸೆಟ್ ತಾನೇ ಊಹಿಸಿ ಹಂಚುತ್ತದೆ. ನಿಜವಾದ 5.1 ಬರಬೇಕಾದರೆ ಸಿನಿಮಾದ ಧ್ವನಿ 5.1ರಲ್ಲಿ ಇರಬೇಕು, ಟಿವಿಯ ಎಚ್‌ಡಿಎಂಐ ಎಆರ್‌ಸಿಯಂಥ, 5.1 ಸಾಗಿಸಬಲ್ಲ ಕಿಂಡಿಯಿಂದ ಸೆಟ್ಟಿಗೆ ವೈರ್ ಹೋಗಬೇಕು, ಟಿವಿಯ ಸೆಟ್ಟಿಂಗ್‌ನಲ್ಲಿ ಪಿಸಿಎಂ ಬದಲು ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಇರಬೇಕು. ಕೆಂಪು ಬಿಳಿ ಪಿನ್ನಿನ ವೈರೂ ಎರಡೇ ಹಾದಿಯದು.

ಆಟ್ಮಾಸ್ ಎಂದು ಬರೆದ ಸೌಂಡ್‌ಬಾರ್‌ಗಳ ಬಗ್ಗೆ ಒಂದು ಮಾತು. ತಲೆಯ ಮೇಲಿನಿಂದಲೂ ಧ್ವನಿ ಕೇಳಿಸುವ ಡಾಲ್ಬಿ ಆಟ್ಮಾಸ್ ಟಾಕೀಸಿಗೆ ಬಂದದ್ದು 2012ರಲ್ಲಿ. ಮನೆಯ ಹಲವು ಬಾರ್‌ಗಳು ಧ್ವನಿಯನ್ನು ಮೇಲಕ್ಕೆಸೆದು ಚಾವಣಿಯಿಂದ ಕೆಳಗಿಳಿಸುತ್ತವೆ. ಸಪಾಟಾದ ಸ್ಲ್ಯಾಬ್ ಇದ್ದು, ಎತ್ತರ ಎಂಟರಿಂದ ಹನ್ನೆರಡಡಿಯಾದರೆ ಇದು ಕೆಲಸ ಮಾಡುತ್ತದೆ. ಜಂತಿ ಮಾಳಿಗೆಯಲ್ಲಿ, ತಗಡಿನ ಶೆಡ್ಡಿನಲ್ಲಿ ಧ್ವನಿ ಚದುರಿಹೋಗುತ್ತದೆ. ಅಂಥ ಮನೆಯವರು ಆ ಹೆಸರಿಗೆ ಹೆಚ್ಚು ಬೆಲೆ ತೆರಬೇಕಿಲ್ಲ.

ವೈರಿನ ವಿಷಯ ಚುಟುಕಾಗಿ: ದುಬಾರಿ ಸ್ಪೀಕರ್ ವೈರ್ ಬೇಕಿಲ್ಲ. 8 ಓಮ್ ಸ್ಪೀಕರಿಗೆ ಮೂವತ್ತಡಿವರೆಗೆ ಮನೆಯ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಸಾಕು, ತಾಮ್ರ ಬಳಿದ ಅಲ್ಯೂಮಿನಿಯಂ ಮಾತ್ರ ಬೇಡ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿದೆಯೇ ನೋಡಿ. ಒಂದು ಸ್ಪೀಕರಿನದು ಅದಲುಬದಲಾದರೂ ಬೇಸ್ ಸೊರಗುತ್ತದೆ.

ಕೊನೆಗೆ ನಮ್ಮ ಬೇಸಿಗೆ. 40 ಡಿಗ್ರಿ ದಾಟಿದ ದಿನ ಕೂಲರ್ ಇಲ್ಲದೆ ಸಿನಿಮಾ ನೋಡಲಾಗದು, ಅದರ ಭೋರಿನಲ್ಲಿ ಮೆಲುಮಾತು ಮುಳುಗುತ್ತದೆ. ಕೂಲರನ್ನು ಕಿಟಕಿಯ ಹೊರಗೆ ನಿಲ್ಲಿಸಿ, ಸೆಂಟರ್ ಸ್ಪೀಕರಿನ ಪಕ್ಕ ಬೇಡ. ರಿಸೀವರಿಗೂ ಗಾಳಿ ಬೇಕು. ಧೂಳಿಗೆ ಹೆದರಿ ಬಟ್ಟೆ ಹೊದಿಸಿಟ್ಟೇ ನಡೆಸಿದರೆ ಕಾಯ್ದು ಕೆಡುತ್ತದೆ. ಸೆಟ್ಟಿನ ಜೊತೆ ಅಳತೆಯ ಮೈಕ್ ಬಂದಿದ್ದರೆ ಜಮಖಾನ, ಪರದೆ ಎಲ್ಲ ಹಾಕಿದ ಮೇಲೆ, ಕೂಲರು ಫ್ಯಾನು ಬಂದ್ ಮಾಡಿ, ಮೈಕನ್ನು ನೀವು ಕೂತಾಗ ಕಿವಿ ಬರುವ ಎತ್ತರದಲ್ಲಿ ಇಟ್ಟು ಅಳತೆ ನಡೆಸಿ. ರಾತ್ರಿ ಹತ್ತರ ಮೇಲೆ ನೈಟ್ ಮೋಡ್ ಹಾಕಿದರೆ ಸ್ಫೋಟ ಇಳಿದು ಮಾತು ಏರುತ್ತದೆ, ಪಕ್ಕದ ಮನೆಯ ಕೂಸಿನ ನಿದ್ದೆಯೂ ಕೆಡುವುದಿಲ್ಲ.